ಸಂಕದ ಮೇಲೆ

ನೋವು ಹತ್ತರಲ್ಲಿ ಎಷ್ಟು ಎಂದು ಡಾಕ್ಟರು ಕೇಳಿದಾಗ ಎಂಟು ಎಂದೆ. ಲೆಕ್ಕ ಹಾಕಿ ಹೇಳಿದ್ದಲ್ಲ. ಜೀಪಿನಲ್ಲಿ ಬರುವಾಗ ಹೆಡ್‌ಲೈಟಿನ ಬೆಳಕಿಗೆ ಒಂದು ಮೈಲಿಗಲ್ಲು ಕಂಡಿತ್ತು, ಅದರ ಮೇಲೆ ‘ಆನಂದಪುರ 8’ ಎಂದಿತ್ತು. ಅದಾದ ಮೇಲೆ ಬೇರೆ ಯಾವ ಅಂಕಿಯೂ ನನ್ನ ತಲೆಯೊಳಗೆ ಹೋಗಿರಲಿಲ್ಲ. ಡಾಕ್ಟರು ಚೀಟಿಯ ಮೇಲೆ 8 ಎಂದು ಬರೆದುಕೊಂಡರು. ಹಾಗೆ ನನ್ನ ಯಾತನೆಯೂ ಆನಂದಪುರದ ದೂರವೂ ಒಂದೇ ಅಂಕಿಯಲ್ಲಿ ದಾಖಲಾದವು.

ಊರಿನ ಹೆಸರು ಹಾಗಿರುವುದಕ್ಕೆ ನಾನು ಜವಾಬ್ದಾರನಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸುಗಳಲ್ಲಿ ಕಂಡಕ್ಟರು ದಿನಕ್ಕೆ ಎಷ್ಟೋ ಸಲ “ಆನಂದಪುರ ಯಾರ್ರೀ, ಆನಂದಪುರ?” ಎಂದು ಕೂಗುತ್ತಾನೆ. ಎರಡು ಜನ ಕೊಟ್ಟೆ ಹೊತ್ತುಕೊಂಡು, ಮುಖ ಸಿಂಡರಿಸಿಕೊಂಡು ಇಳಿಯುತ್ತಾರೆ. ಯಾರಿಗೂ ಅದು ತಮಾಷೆ ಅನಿಸುವುದಿಲ್ಲ. ಅಂದು ರಾತ್ರಿ ನನಗೆ ಮಾತ್ರ ಅನಿಸಿತು. ಅನಿಸಿ ನಗು ಬಂತು, ನಕ್ಕಾಗ ಎಡಪಕ್ಕೆ ಹಿಂಡಿ ಪ್ರಾಣ ಹೋದ ಹಾಗಾಯಿತು.

ಆದದ್ದು ಇಷ್ಟು. ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಹೊಸನಗರದ ಕಡೆಯ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ, ಹಳ್ಳದ ಆಚೆ ಇರುವ ಸೋದರತ್ತೆಯ ಮನೆಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಪತ್ರೊಡೆ. ಹನ್ನೊಂದು ಗಂಟೆಗೆ ಎಡಸೊಂಟದ ಹಿಂದೆ ಯಾರೋ ಬೆರಳಿಟ್ಟ ಹಾಗೆ ಶುರುವಾದದ್ದು, ಹನ್ನೆರಡಕ್ಕೆ ಮುಷ್ಟಿಯಾಯಿತು, ಒಂದು ಗಂಟೆಗೆ ಯಂತ್ರವಾಯಿತು. ಅತ್ತೆ ‘ವಾಯು’ ಎಂದು ಇಂಗು ಮಜ್ಜಿಗೆ ಕೊಟ್ಟರು. ಮಾವ ‘ಪಿತ್ತ’ ಎಂದು ಜೀರಿಗೆ ಕಷಾಯ ಕಾಸಿಸಿದರು. ಅವರ ಮಗ ‘ಗ್ಯಾಸು’ ಎಂದು ಗುಳಿಗೆ ಹುಡುಕಿದ. ವಾಯುವೂ ಗ್ಯಾಸೂ ಒಂದೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಎಲ್ಲ ಔಷಧವೂ ಒಂದೇ ಹೊಟ್ಟೆಗೆ ಹೋಗಿ, ಪತ್ರೊಡೆಯನ್ನೂ ಕರೆದುಕೊಂಡು ಹೊರಗೆ ಬಂತು. ನಾನು ನೆಲದ ಮೇಲೆ ಉರುಳಾಡುತ್ತಿದ್ದೆ. ಮಲಗಿದರೂ ಆಗದು, ಕೂತರೂ ಆಗದು, ನಿಂತರೂ ಆಗದು. ಮನುಷ್ಯನ ದೇಹಕ್ಕೆ ಇರುವ ಭಂಗಿಗಳು ಎಷ್ಟು ಕಡಿಮೆ ಎಂಬುದು ಅಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಆಚೆಮನೆ ಅಣ್ಣಯ್ಯ ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು ಬಂದದ್ದು ಆಗ. ಎಪ್ಪತ್ತು ದಾಟಿದ ಮನುಷ್ಯ. ನನ್ನನ್ನು ಒಂದು ನಿಮಿಷ ನೋಡಿ, “ಇದು ಹೊಟ್ಟೆದಲ್ಲ ಮಾರಾಯ, ಸೊಂಟದ್ದು. ಕಲ್ಲು ಇರಬೌದು. ಆನಂದಪುರಕ್ಕೆ ಸಾಗ್ಸಿ” ಎಂದು ತೀರ್ಪು ಕೊಟ್ಟರು. ಜೀಪು ಹಳ್ಳದ ಈಚೆ ದಡಕ್ಕೆ ಬರುತ್ತದೆ. ನಾನು ಇದ್ದದ್ದು ಆಚೆ ದಡದಲ್ಲಿ. ನಡುವೆ ಸಂಕ.

ಮಲೆನಾಡಿನಲ್ಲಿ ಹುಟ್ಟದವರಿಗಾಗಿ ಒಂದು ಮಾತು. ಸಂಕ ಎಂದರೆ ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸೇತುವೆ. ಅತ್ತೆಯ ಮನೆಯದು ನಾಲ್ಕು ಅಡಿಕೆ ಮರ ಜೋಡಿಸಿ ಬಳ್ಳಿಯಲ್ಲಿ ಬಿಗಿದದ್ದು. ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರು ಗಳ, ಇನ್ನೊಂದು ಬದಿಗೆ ದೇವರು. ಬೇಸಿಗೆಯಲ್ಲಿ ಅದು ಮಕ್ಕಳ ಆಟದ ಜಾಗ. ಮಳೆಗಾಲದಲ್ಲಿ ಅಡಿಕೆ ಮರ ನೆನೆದು ಪಾಚಿ ಕಟ್ಟಿದರೆ ಸೋಪು ಅದರ ಮುಂದೆ ಉಪ್ಪುಕಾಗದ. ಜಾರದಿರಲೆಂದು ಮೇಲೆ ಗೋಣಿಚೀಲ ಸುತ್ತಿರುತ್ತಾರೆ. ಆಷಾಢದ ಹೊತ್ತಿಗೆ ಗೋಣಿಚೀಲಕ್ಕೂ ಪಾಚಿ ಕಟ್ಟುತ್ತದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಹಳ್ಳದವರೆಗೆ ಹೊತ್ತು ತಂದರು. ಸಂಕದ ಮೇಲೆ ಕುರ್ಚಿ ಹಿಡಿಸುವುದಿಲ್ಲ. ಅಗಲವೇ ಒಂದು ಮೊಳ. ನಡೆಯಲೇಬೇಕು. ಅಣ್ಣಯ್ಯ ನನ್ನ ಎದುರಿಗೆ ನಿಂತು, ನನ್ನ ಎರಡೂ ಕೈ ಹಿಡಿದು, ತಾವು ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಕರೆದುಕೊಂಡು ಹೊರಟರು. ಹಿಂದಿನಿಂದ ಅತ್ತೆಯ ಮಗ ಸೊಂಟ ಹಿಡಿದಿದ್ದ. ಅವನು ಹಿಡಿದದ್ದು ಸರಿಯಾಗಿ ನೋವಿದ್ದ ಜಾಗವನ್ನೇ. ಕೆಳಗೆ ಕೆಂಪು ನೀರು, ಅದರ ಸದ್ದಿಗೆ ಮಾತು ಕೇಳದು. ನಟ್ಟನಡುವೆ ಬಂದಾಗ ಯಂತ್ರ ಮತ್ತೆ ತಿರುಗಿತು. ನಾನು ಬಗ್ಗಿದೆ. ಮುಂದಕ್ಕೆ ಕಾಲು ಬರದು, ಹಿಂದಕ್ಕೆ ಹೋಗಲಾಗದು, ಕೂರಲು ಜಾಗವಿಲ್ಲ, ನರಳಲು ಬಾಯಿ ತೆಗೆದರೆ ಮಳೆ ಒಳಗೆ ಬೀಳುತ್ತದೆ. ಅಣ್ಣಯ್ಯ ಕೈ ಬಿಡಲಿಲ್ಲ. ಕಿವಿಗೆ ಬಾಯಿ ಹಚ್ಚಿ ಹೇಳಿದರು: “ನಿಂತ್ಕ. ಕೆಳಗೆ ನೋಡ್ಬ್ಯಾಡ. ಇದಕ್ಕೇ ಸಂಕಟ ಅನ್ನಾದು. ಸಂಕದ ಮೇಲೆ ಆಗಾದು ಸಂಕಟ. ದಾಟಿದ್ ಮೇಲೆ ಅದ್ಕೆ ಹೆಸ್ರು ಬ್ಯಾರೆ.”

ಆ ಸ್ಥಿತಿಯಲ್ಲಿಯೂ, ಕನ್ನಡ ಎಂ.ಎ. ಓದಿದ ನನ್ನ ತಲೆಯ ಒಂದು ಮೂಲೆ, ‘ಇದು ಜಾನಪದ ನಿಷ್ಪತ್ತಿ, ಶಾಸ್ತ್ರಕ್ಕೆ ನಿಲ್ಲುವುದಿಲ್ಲ’ ಎಂದು ಟಿಪ್ಪಣಿ ಮಾಡಿಕೊಂಡಿತು. ವಿದ್ಯೆ ಎಂಬುದು ಎಂಥ ಹೊತ್ತಿನಲ್ಲೂ ಕೈ ಬಿಡುವುದಿಲ್ಲ, ಬಿಟ್ಟರೆ ಒಳ್ಳೆಯದಿತ್ತು.

ಡಾಕ್ಟರು ಎಳೆ ವಯಸ್ಸಿನವರು, ಒಳ್ಳೆಯವರು. ಡೈಕ್ಲೋಫೆನಾಕ್ ಚುಚ್ಚಿ, ನಾನು ಮನುಷ್ಯನಾಗುವವರೆಗೆ ಕಾದು, ಆಮೇಲೆ ಕೇಳಿದರು: “ಹೇಗಿತ್ತು ನೋವು? ಚುಚ್ಚಿದ ಹಾಗಾ, ಹಿಂಡಿದ ಹಾಗಾ, ಉರಿದ ಹಾಗಾ?” ನೋವಿಗೆ ಇಂಥ ಪ್ರಶ್ನಾವಳಿ ಇದೆಯಂತೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಎಂಬವರು 1975ರಲ್ಲಿ ನೋವಿನ 78 ಮಾತುಗಳನ್ನು 20 ಗುಂಪು ಮಾಡಿ ಒಂದು ಪಟ್ಟಿ ಮಾಡಿದರು, ರೋಗಿ ತನ್ನದನ್ನು ಆರಿಸಿಕೊಳ್ಳಬೇಕು. ನಮ್ಮಲ್ಲಿ ಪಟ್ಟಿ ಬೇಕಿಲ್ಲ. ಕನ್ನಡದಲ್ಲಿ ಒಂದೊಂದು ಅಂಗಕ್ಕೂ ಅದರದೇ ಕ್ರಿಯಾಪದ ಗೊತ್ತುಮಾಡಿದೆ. ತಲೆ ಸಿಡಿಯುತ್ತದೆ, ಹೊಟ್ಟೆ ಮುರಿಯುತ್ತದೆ, ಎದೆ ಉರಿಯುತ್ತದೆ, ಕಾಲು ಸೆಳೆಯುತ್ತದೆ, ಕಣ್ಣು ಚುಚ್ಚುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ತಲೆ ಮುರಿಯುತ್ತಿದೆ, ಹೊಟ್ಟೆ ಸಿಡಿಯುತ್ತಿದೆ ಎಂದು ಯಾರಾದರೂ ಹೇಳಿದರೆ ಡಾಕ್ಟರಿಗಿಂತ ಮೊದಲು ಮೇಷ್ಟರನ್ನು ಕರೆಸಬೇಕು. ಆದರೆ ಮೂತ್ರಪಿಂಡಕ್ಕೆ ನಮ್ಮ ಹಿರಿಯರು ಕ್ರಿಯಾಪದ ಕೊಟ್ಟಿಲ್ಲ. ನಾನು ತಡವರಿಸಿ, “ಸಂಕಟ” ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಮರುದಿನ ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿತು: ಐದು ಮಿಲಿಮೀಟರು. ತೊಗರಿಕಾಳಿನಷ್ಟು. ‘ನೀರು ಕುಡಿಯಿರಿ, ಮಲಗಿರಿ, ಅದು ತಾನಾಗಿ ಬರಬಹುದು’ ಎಂದು ಕಳಿಸಿದರು. ಹೀಗೆ ಎರಡು ವಾರ ಕಲ್ಲಿನ ದಾರಿ ಕಾಯುತ್ತ ಮಲಗಿದ್ದಾಗ ನಾನು ನಿಘಂಟು ಓದಿದೆ.

ನಿಘಂಟನ್ನು ನೋವಿನಲ್ಲಿ ಓದಬೇಕು. ಸುಖವಾಗಿದ್ದಾಗ ಅದು ಬರೀ ಪಟ್ಟಿ. ಕಿಟೆಲ್ ಸಾಹೇಬರ 1894ರ ನಿಘಂಟು, ಸುಮಾರು 70,000 ಶಬ್ದಗಳದ್ದು, ಎದೆಯ ಮೇಲಿಟ್ಟುಕೊಂಡರೆ ಅದೇ ಒಂದು ಬಾಧೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಮಂಚದ ಕೆಳಗೆ. ಮೊದಲು ‘ಯಾತನೆ’ ತೆಗೆದೆ, ನರಳುವವನ ಗೌರವಕ್ಕೆ ತಕ್ಕ ಶಬ್ದ ಅದೇ ಎಂಬ ಭಾವನೆಯಿತ್ತು. ಸಂಸ್ಕೃತದಲ್ಲಿ ಅದರ ಹಳೆಯ ಅರ್ಥ ನೋವಲ್ಲವೇ ಅಲ್ಲ. ಹಿಂದಿರುಗಿಸುವುದು, ತೀರಿಸುವುದು, ಮುಯ್ಯಿಗೆ ಮುಯ್ಯಿ. ಹಗೆ ತೀರಿಸಿಕೊಳ್ಳುವುದಕ್ಕೆ ‘ವೈರಯಾತನ’ ಎನ್ನುತ್ತಾರೆ. ಅಲ್ಲಿಂದ ಅದು ಯಮನ ಕಚೇರಿಗೆ ಹೋಯಿತು. ಮಾಡಿದ್ದಕ್ಕೆ ಅಲ್ಲಿ ಲೆಕ್ಕ ಚುಕ್ತಾ. ಅನುಭವಿಸಲು ದೇಹ ಬೇಕಲ್ಲ, ಸತ್ತವನ ದೇಹ ಸುಟ್ಟು ಹೋಗಿದೆ. ಅದಕ್ಕೆ ಪುರಾಣಗಳು ‘ಯಾತನಾದೇಹ’ ಎಂಬ ಬೇರೆ ದೇಹವನ್ನೇ ಮಂಜೂರು ಮಾಡಿವೆ. ಎಷ್ಟು ಸುಟ್ಟರೂ, ಎಷ್ಟು ಅರೆದರೂ ಮುಗಿಯದ ದೇಹ. ಯಮಯಾತನೆ, ನರಕಯಾತನೆ ಎಂದು ನಾವು ಹಲ್ಲುನೋವಿಗೂ ಬಸ್ಸು ತಡವಾದದ್ದಕ್ಕೂ ಹೇಳುವ ಮಾತಿನ ಹಿಂದೆ ಇರುವುದು ಸಾಲ ವಸೂಲಿ. ಸೊಸೈಟಿ ಸಾಲದ ಕಂತು ಕಟ್ಟುವ ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಈ ವ್ಯುತ್ಪತ್ತಿಯನ್ನು ಯಾರೂ ವಿವರಿಸಬೇಕಿಲ್ಲ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಪತ್ರೊಡೆ ತಿಂದವನು ಯಾರಿಗೆ ಏನು ಬಾಕಿ?

‘ಬೇನೆ’ ಚೆನ್ನಾಗಿದೆ. ಅದು ‘ವೇದನೆ’ಯ ಸವೆದ ರೂಪ. ಮಲೆನಾಡಿನ ಹೆಂಗಸರು ಹೆರಿಗೆಯ ನೋವಿಗೆ ಹೇಳುವುದು ಬೇನೆ ಎಂದೇ. ‘ಬೇನೆ ಬಂತು’ ಎಂದರೆ ಮನೆಯ ಗಂಡಸರು ಗಾಡಿ ಹುಡುಕಲು ಓಡುತ್ತಿದ್ದರು. ‘ವೇದನೆ’ಯ ಬೇರು ‘ವಿದ್’, ಅರಿ ಎಂದು. ವೇದದ ಬೇರೂ ಅದೇ. ಬೌದ್ಧರಲ್ಲಿ ವೇದನೆ ಎಂದರೆ ಬರೀ ನೋವಲ್ಲ, ಅರಿವಿಗೆ ಬರುವ ಎಲ್ಲ ಅನುಭವ. ಸುಖವೂ ಒಂದು ವೇದನೆ. ಇದು ಮಾತ್ರ ನನ್ನ ಅನುಭವಕ್ಕೆ ಹತ್ತಿರ ಬಂತು. ಐವತ್ತೆರಡು ವರ್ಷ ಹೊತ್ತು ತಿರುಗಿದರೂ ನನಗೊಂದು ಎಡ ಮೂತ್ರಪಿಂಡವಿದೆ ಎಂಬ ಜ್ಞಾನ ಆದದ್ದು ಆ ರಾತ್ರಿಯೇ.

‘ಪಾಡು’ ನಮ್ಮದೇ ಶಬ್ದ, ಯಾರಿಂದಲೂ ಕಡ ತಂದದ್ದಲ್ಲ. ‘ಪಡು’ ಎಂದರೆ ಬೀಳು, ಒರಗು, ಅನುಭವಿಸು. ಸೂರ್ಯ ಪಡುವ ದಿಕ್ಕು ಪಡುವಣ. ನಾವು ಪಡುವುದು ಪಾಡು. ಹಳಗನ್ನಡದಲ್ಲಿ ಹಾಡನ್ನೂ ಪಾಡು ಎನ್ನುತ್ತಿದ್ದರು. ಪಕಾರ ಹಕಾರವಾದಾಗ ಹಾಡುವ ಪಾಡು ಹಾಡಾಯಿತು, ಪಡುವ ಪಾಡು ಪಾಡಾಗಿಯೇ ಉಳಿಯಿತು. ಭಾಷೆ ಮುಂದಕ್ಕೆ ಹೋದರೂ ಪಾಡು ಬದಲಾಗಲಿಲ್ಲ. ಇನ್ನೊಂದು ವಿಚಿತ್ರವಿದೆ: ಕಷ್ಟಪಡು, ದುಃಖಪಡು ಎನ್ನುವ ಹಾಗೆಯೇ ನಾವು ಸಂತೋಷಪಡು, ಆನಂದಪಡು ಎಂದೂ ಹೇಳುತ್ತೇವೆ. ಆನಂದವನ್ನೂ ಕನ್ನಡಿಗ ಪಡಲೇಬೇಕು, ಸುಮ್ಮನೆ ಸಿಗುವುದಿಲ್ಲ. ಎಂಟು ಕಿಲೋಮೀಟರು ಜೀಪಿನಲ್ಲಿ ಬಂದವನು ಈ ಮಾತನ್ನು ಅನುಮೋದಿಸುತ್ತೇನೆ.

ಅತ್ಯಂತ ಭಯಂಕರವಾದದ್ದು ‘ಶೂಲೆ’. ಹೊಟ್ಟೆಶೂಲೆ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆ! ಶೂಲವೆಂದರೆ ಚೂಪಾದ ಗೂಟ, ಅಪರಾಧಿಯನ್ನು ಏರಿಸುತ್ತಿದ್ದದ್ದು. ಇಂಗ್ಲಿಷಿನಲ್ಲಿ ತಡೆಯಲಾಗದ ನೋವಿಗೆ ‘ಎಕ್ಸ್‌ಕ್ರೂಶಿಯೇಟಿಂಗ್’ ಎನ್ನುತ್ತಾರಲ್ಲ, ಅದರ ಹೊಟ್ಟೆಯಲ್ಲಿ ಇರುವುದು ಲ್ಯಾಟಿನ್ನಿನ ‘ಕ್ರುಕ್ಸ್’, ಶಿಲುಬೆ. ರೋಮಿನವನು ನೋವಾದಾಗ ಶಿಲುಬೆ ನೆನೆದ, ನಮ್ಮವನು ಶೂಲ ನೆನೆದ. ಯಾವ ದೇಶದ ರಾಜನೂ ಈ ಒಂದು ವಿಷಯದಲ್ಲಿ ಭಾಷೆಗೆ ಕಾಣಿಕೆ ಕೊಡದೆ ಬಿಟ್ಟಿಲ್ಲ. ಬಸವಣ್ಣನಂಥವರು ಹೊಗಳಿಕೆಯನ್ನೇ ಹೊನ್ನಿನ ಶೂಲ ಎಂದು ಕಂಡರು. ಏರಿದವನಿಗೆ ಲೋಹ ಯಾವುದಾದರೇನು ಎಂಬ ಅವರ ಕಸಿವಿಸಿ, ಸನ್ಮಾನ ಮಾಡಿಸಿಕೊಳ್ಳುವ ನಮ್ಮ ಸಾಹಿತಿಗಳಿಗೆ ಅಷ್ಟಾಗಿ ತಟ್ಟಿದ ಹಾಗಿಲ್ಲ.

ಕೊನೆಗೆ ‘ಸಂಕಟ’ಕ್ಕೆ ಬಂದೆ. ಅಣ್ಣಯ್ಯನ ವ್ಯುತ್ಪತ್ತಿ ತಪ್ಪು ಎಂದು ಸಾಧಿಸುವ ಹುಮ್ಮಸ್ಸು ನನಗಿತ್ತು, ಸುಳ್ಳು ಹೇಳುವುದಿಲ್ಲ. ತಪ್ಪೇ. ಸಂಕದ ಮೂಲ ‘ಸಂಕ್ರಮ’, ದಾಟು ಎಂಬರ್ಥದ್ದು. ಸಂಕ್ರಾಂತಿಯೂ ಅದೇ ಕುಲ. ಸಂಕ್ರಾಂತಿಯಲ್ಲಿ ಸೂರ್ಯ ದಾಟುತ್ತಾನೆ, ಸಂಕದಲ್ಲಿ ನಾವು ದಾಟುತ್ತೇವೆ. ಸಂಕ್ರಮ ಎಂದರೆ ಸೇತುವೆ ಎಂಬುದು ಎಷ್ಟು ಹಳೆಯದೆಂದರೆ ಅದನ್ನು ಮುರಿದವನಿಗೆ ಮನುಸ್ಮೃತಿಯಲ್ಲಿ 500 ಪಣ ದಂಡ, ಮೇಲಾಗಿ ಅವನೇ ರಿಪೇರಿ ಮಾಡಿಸಬೇಕು. ಈ ಲೆಕ್ಕದಲ್ಲಿ ಅತ್ತೆಯ ಮನೆಯ ಹಳ್ಳ ಪ್ರತಿ ಮಳೆಗಾಲಕ್ಕೆ 500 ಪಣ ಬಾಕಿ ಉಳಿಸಿಕೊಂಡಿದೆ.

‘ಸಂಕಟ’ದ ವಂಶ ಬೇರೆ. ಪಾಣಿನಿ ಒಂದು ಸೂತ್ರದಲ್ಲಿ ಸಂ, ಪ್ರ, ಉತ್ ಮುಂತಾದ ಉಪಸರ್ಗಗಳಿಗೆ ‘ಕಟ’ ಎಂಬ ಬಾಲ ಹಚ್ಚುವುದನ್ನು ಹೇಳಿದ್ದಾನೆ. ಹೀಗೆ ಸಂಕಟ, ಪ್ರಕಟ, ಉತ್ಕಟ, ವಿಕಟ ಎಲ್ಲ ಅಣ್ಣತಮ್ಮಂದಿರು. ಒಟ್ಟು ಕುಟುಂಬವನ್ನು ನೋಡಿದರೆ ನನ್ನ ರಾತ್ರಿಯ ವರದಿಯಂತಿದೆ: ಸಂಕಟ ಪ್ರಕಟವಾಯಿತು, ಉತ್ಕಟವಾಯಿತು, ಕೊನೆಗೆ ವಿಕಟವಾಯಿತು. ಇವುಗಳಲ್ಲಿ ಸಂಕಟದ ಮೂಲ ಅರ್ಥ ಕಿರಿದು, ಒತ್ತಾದದ್ದು, ಇಕ್ಕಟ್ಟು. ನಾಮಪದವಾಗಿ ಇಕ್ಕಟ್ಟಾದ ದಾರಿ, ಕಣಿವೆ, ಘಟ್ಟದ ನಡುವಿನ ಸಂದು. ಇಬ್ಬರು ಎದುರಾದರೆ ಒಬ್ಬ ಹಿಂದೆ ಸರಿಯಬೇಕಾದ ಜಾಗ.

ಇದನ್ನು ಓದಿ ನಿಘಂಟನ್ನು ಎದೆಯ ಮೇಲೆ ಮಗುಚಿ ಹಾಕಿಕೊಂಡು ಬಹಳ ಹೊತ್ತು ಮಾಡು ನೋಡುತ್ತ ಮಲಗಿದೆ. ಡಾಕ್ಟರು ಚೀಟಿಯ ಹಿಂದೆ ಬರೆದು ತೋರಿಸಿದ್ದ ಚಿತ್ರ ತಲೆದಿಂಬಿನ ಕೆಳಗೇ ಇತ್ತು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಒಂದು ನಾಳ, ಉದ್ದ 25ರಿಂದ 30 ಸೆಂಟಿಮೀಟರು, ಒಳಗಿನ ಅಗಲ ಮೂರೋ ನಾಲ್ಕೋ ಮಿಲಿಮೀಟರು. ಅದರಲ್ಲೂ ಮೂರು ಕಡೆ ಇನ್ನಷ್ಟು ಕಿರಿದಾಗುತ್ತದೆ: ಹೊರಡುವಲ್ಲಿ, ಸೊಂಟದ ರಕ್ತನಾಳವನ್ನು ದಾಟುವಲ್ಲಿ, ಮೂತ್ರಕೋಶವನ್ನು ಸೇರುವಲ್ಲಿ. ನಾಲ್ಕು ಮಿಲಿಮೀಟರಿನ ದಾರಿಯಲ್ಲಿ ಐದು ಮಿಲಿಮೀಟರಿನ ಪ್ರಯಾಣಿಕ. ಹಿಂದಿನಿಂದ ನೀರು ನೂಕುತ್ತದೆ, ಮುಂದೆ ಜಾಗವಿಲ್ಲ, ನಾಳ ಹಿಂಡುತ್ತದೆ. ಮನುಷ್ಯ ಅನುಭವಿಸಬಹುದಾದ ದೊಡ್ಡ ನೋವುಗಳಲ್ಲಿ ಒಂದಕ್ಕೆ ಕಾರಣ ಇಷ್ಟೇ: ದಾರಿ ಕಿರಿದು. ಶಬ್ದಾರ್ಥದಲ್ಲಿಯೇ ಸಂಕಟ. ಡಾಕ್ಟರು ಬರೆದುಕೊಳ್ಳಬೇಕಿತ್ತು.

ನಾವಷ್ಟೇ ಹೀಗೆ ಕಂಡದ್ದಲ್ಲ. ಇಂಗ್ಲಿಷಿನ ‘ಆಂಗ್ವಿಶ್’ ಬಂದದ್ದು ಇಕ್ಕಟ್ಟು ಎಂಬರ್ಥದ ಲ್ಯಾಟಿನ್ ಶಬ್ದದಿಂದ. ಜರ್ಮನ್ನರ ‘ಆಂಗ್ಸ್ಟ್’, ಎದೆ ಬಿಗಿಯುವ ‘ಆಂಜೈನಾ’, ಎಲ್ಲವೂ ಅದೇ ಒಕ್ಕಲು. ಸಂಸ್ಕೃತದ ‘ಅಂಹಸ್’ ಕೂಡ ಅವುಗಳ ದೂರದ ನೆಂಟ. ಅಚ್ಚಗನ್ನಡದಲ್ಲಿ ನೋಡಿ, ‘ಇಕ್ಕಟ್ಟು’ ಎಂದರೆ ಕಿರಿದೂ ಹೌದು, ಫಜೀತಿಯೂ ಹೌದು. ಫಾರಸಿಯಿಂದ ಬಂದ ‘ಪೇಚು’ ತಿರುಪಿಗೆ ಹೇಳುವ ಮಾತು, ಅದರಲ್ಲಿ ಸಿಕ್ಕಿದವನು ಪೇಚಾಡುತ್ತಾನೆ. ಪರಸ್ಪರ ಮುಖ ನೋಡದ ಜನ, ನೋವಾದಾಗ ‘ಜಾಗವಿಲ್ಲ’ ಎಂದೇ ಕೂಗಿದ್ದಾರೆ. ಧರ್ಮಸಂಕಟ, ಉಭಯಸಂಕಟ, ಪ್ರಾಣಸಂಕಟ ಎಲ್ಲದರಲ್ಲೂ ಎರಡು ಗೋಡೆಗಳಿವೆ. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎನ್ನುವಾಗ ಇಲಿ ಇರುವುದು ಮೂಲೆಯಲ್ಲಿ, ಬಯಲಿನಲ್ಲಲ್ಲ.

ಘಟ್ಟದ ಸಂದಿಗೂ ಸಂಕಟ ಎನ್ನುತ್ತಿದ್ದರು ಎಂದೆನಲ್ಲ, ಆನಂದಪುರಕ್ಕೆ ಅದರ ರುಚಿ ಗೊತ್ತು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನ ಮುಂಬಯಿ ಸೈನ್ಯ ಕುಂದಾಪುರದ ಕಡೆಯಿಂದ ಹೊಸಂಗಡಿಯ ಕಿರುದಾರಿ ಹಿಡಿದು ಘಟ್ಟ ಹತ್ತಿತು. ಬಿದನೂರು ಕೈಗೆ ಬಂತು, ಫೆಬ್ರುವರಿಯಲ್ಲಿ ಆನಂದಪುರದ ಕೋಟೆಗೆ ನುಗ್ಗಿದರು. ಇಂಗ್ಲಿಷರ ಕಾಗದಗಳಲ್ಲಿ ಊರಿನ ಹೆಸರು ಅನಂತಪುರ. ಕೋಟೆಯೊಳಗಿದ್ದವರನ್ನು, ಹೆಂಗಸರನ್ನು ಕೂಡ, ಕೊಂದರೆಂದು ಲಂಡನ್ನಿನಲ್ಲೇ ಅಚ್ಚಾಯಿತು. ಅದು ಸುಳ್ಳೆಂದು ಆ ಸೈನ್ಯದ ಅಧಿಕಾರಿಗಳು ಹುಯಿಲೆಬ್ಬಿಸಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಟಿಪ್ಪು ಬಿದನೂರನ್ನು ಮುತ್ತಿ ಮ್ಯಾಥ್ಯೂಸನನ್ನು ಹಿಡಿದ, ಶ್ರೀರಂಗಪಟ್ಟಣದ ಸೆರೆಯಲ್ಲಿ ಅವನ ಕಥೆ ಮುಗಿಯಿತು. ಕಿರಿದಾದ ದಾರಿಯಲ್ಲಿ ಹತ್ತಿ ಬಂದವನು ಇನ್ನೂ ಕಿರಿದಾದ ಕೋಣೆಗೆ ಹೋದ.

ಊರ ಪಕ್ಕದಲ್ಲಿಯೇ ಚಂಪಕ ಸರಸು ಇದೆ. ಕೆಳದಿಯ ವೆಂಕಟಪ್ಪ ನಾಯಕ, ಚಂಪಕ ಎಂಬ ಹುಡುಗಿ, ಅವಳು ಹಾಕಿದ ರಂಗೋಲಿ, ಅರಮನೆಯ ಮುನಿಸು, ಊರಿನ ನಾಲಿಗೆ, ಕೊನೆಗೆ ಅವಳು ಬಿಟ್ಟ ಪ್ರಾಣ: ಐತಿಹ್ಯ ಗೊತ್ತಿರುವಂಥದೇ. ಅವಳ ನೆನಪಿಗೆ ಅರಸ ಕಟ್ಟಿಸಿದ ಕೊಳ ಎನ್ನುತ್ತಾರೆ. ಹೂಳು, ಗಿಡಗಂಟಿ ತುಂಬಿದ್ದ ಅದನ್ನು ಈಚೆಗೆ ಚೊಕ್ಕ ಮಾಡಿದ್ದಾರೆ. ಗುಣವಾದ ಮೇಲೆ ಒಂದು ಸಂಜೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಕೊಳದ ನಡುವೆ ಪುಟ್ಟ ಗುಡಿ, ಅಲ್ಲಿಗೆ ಹೋಗಲು ನೀರಿನ ಮೇಲೆ ಕಲ್ಲಿನ ಕಿರುದಾರಿ. ಎಷ್ಟೋ ಸಲ ನೋಡಿದ್ದೆ, ಅದು ಸಂಕ ಎಂದು ಅವತ್ತು ಹೊಳೆಯಿತು. ಶ್ರೀಮಂತರ ಸಂಕ. ಕಾಲೇಜು ಹುಡುಗ ಹುಡುಗಿ ಅದರ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು, ಕಿರಿದು ಎಂಬುದೇ ಅವರಿಗೆ ಅನುಕೂಲವಾಗಿತ್ತು.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ನಮ್ಮ ಅತ್ತೆಗೆ ಅಷ್ಟು ದೂರದ ದೇವರು ಬೇಡ. ಆ ರಾತ್ರಿ ಅವರು ಕೂಗಿದ್ದು ಸಿಗಂದೂರು ಚೌಡೇಶ್ವರಿಯನ್ನು. ಹರಕೆ ಹೇಳಿಕೊಂಡವರು ಅವರು, ತೀರಿಸಬೇಕಾದವನು ನಾನು. ಯಾತನೆ ಎಂದರೆ ತೀರಿಸುವುದು ಎಂಬುದು ಹೀಗೂ ನಿಜವಾಯಿತು. ಹಿಂದೆಲ್ಲ ಸಿಗಂದೂರಿಗೆ ಹೊಳೆಬಾಗಿಲಿನಿಂದ ಲಾಂಚು. ಬಸ್ಸು, ಕಾರು, ಬೈಕು, ಕೋಳಿ, ಭಕ್ತರು ಎಲ್ಲ ಅದರೊಳಗೆ. ನಾವು ಹೋದದ್ದು 2025ರ ಜುಲೈ 14ರಂದು ಉದ್ಘಾಟನೆಯಾದ ಹೊಸ ಸೇತುವೆಯ ಮೇಲೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ. ನಮಗದು ಚೆಂದದ ನೋಟ. ಆಚೆ ದಡದವರಿಗೆ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ಊರು, ತೋಟ, ಗದ್ದೆ ಮುಳುಗಿದವು. ಆ ಇಡೀ ದುಃಖಕ್ಕೆ ನಮ್ಮ ಕಡೆ ಇಟ್ಟ ಹೆಸರು ‘ಮುಳುಗಡೆ’, ಒಂದೇ ಮಾತು, ವಿಶೇಷಣವಿಲ್ಲ. ಉಳಿದವರು ನೀರಿನ ಆಚೆ ಉಳಿದರು. ಸಂಜೆಯ ಮೇಲೆ ಲಾಂಚಿರಲಿಲ್ಲ. ರಾತ್ರಿ ಬೇನೆ ಬಂದವಳು, ಹಾವು ಕಡಿಸಿಕೊಂಡವನು, ನನ್ನ ಹಾಗೆ ಕಲ್ಲು ಹೊತ್ತವನು ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೆ ಸುತ್ತು ದಾರಿ ಹಿಡಿಯಬೇಕಿತ್ತು. ನಾಡಿಗೆ ಬೆಳಕು ಕೊಟ್ಟ ನೀರನ್ನು ದಾಟಲು ಅವರಿಗೆ ಅರವತ್ತು ವರ್ಷ ಹಿಡಿಯಿತು. ಸರಕಾರದ ಭಾಷೆಯಲ್ಲಿ ಇವರೆಲ್ಲ ‘ಸಂತ್ರಸ್ತರು’. ತ್ರಾಸದಿಂದ ಬಂದ ಶಬ್ದ, ಹೆದರಿ ನಡುಗುವವರು ಎಂದರ್ಥ. ಅವರು ನಡುಗಿದ್ದನ್ನು ನಾನು ಕಂಡಿಲ್ಲ. ಕಚೇರಿಯಿಂದ ಕಚೇರಿಗೆ ಹಕ್ಕುಪತ್ರ ಕೇಳಿಕೊಂಡು ನಡೆದದ್ದನ್ನು ಕಂಡಿದ್ದೇನೆ. ಅದಕ್ಕೆ ‘ಬವಣೆ’ ಎಂಬುದೇ ಸರಿ, ಭ್ರಮಣದಿಂದ ಬಂದದ್ದು, ತಿರುಗಾಟ.

ದೊಡ್ಡ ಸೇತುವೆ ಬಂತು, ಸಣ್ಣ ಸಂಕಗಳು ಹಾಗೇ ಇವೆ. 2022ರ ಆಗಸ್ಟಿನಲ್ಲಿ ಬೈಂದೂರಿನ ಕಡೆ ಎರಡನೇ ತರಗತಿಯ ಒಂದು ಮಗು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾಯಿತು. ಪತ್ರಿಕೆಯವರು ಒಂದು ವಾರ ಸಂಕಗಳ ಫೋಟೋ ಹಾಕಿದರು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡ ತೂಗುಸೇತುವೆ ಕಟ್ಟಿ ಶುರು ಮಾಡಿದವರು, ನೂರಕ್ಕೂ ಹೆಚ್ಚು ಕಟ್ಟಿದ್ದಾರೆ. ಒಬ್ಬ ಮನುಷ್ಯ ಎಷ್ಟು ಹಳ್ಳ ದಾಟಿಸಬಲ್ಲ? ಮಲೆನಾಡಿನಲ್ಲಿ ಹಳ್ಳಗಳನ್ನು ಯಾರೂ ಎಣಿಸಿಲ್ಲ, ಮಳೆಗಾಲದಲ್ಲಿ ಪ್ರತಿ ಮನೆಗೂ ಒಂದೊಂದು ಹುಟ್ಟುತ್ತದೆ.

ನನ್ನ ಕಲ್ಲು ಹದಿನಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಹೊರಬಿತ್ತು. ‘ಟಿಣ್’ ಎಂದು ಸದ್ದಾಯಿತು, ಅಷ್ಟೆ. ತೊಳೆದು ಬೆಂಕಿಪೊಟ್ಟಣದಲ್ಲಿಟ್ಟೆ. ಕಂದು ಬಣ್ಣ, ಮೈತುಂಬ ಮುಳ್ಳು. ಅಷ್ಟು ಸಣ್ಣದಕ್ಕೆ ಅಷ್ಟು ಕೂಗಿದೆನೇ ಎಂದು ನಾಚಿಕೆಯಾಗಿ, ನೋಡಲು ಬಂದವರಿಗೆ ಭೂತಗನ್ನಡಿ ಕೊಟ್ಟು ತೋರಿಸುತ್ತಿದ್ದೆ.

ಮುಂದಿನ ವರ್ಷ ಮೇ ಕೊನೆಯಲ್ಲಿ ಅತ್ತೆಯ ಮನೆಗೆ ಹೋದಾಗ ಅಣ್ಣಯ್ಯ ಸಂಕ ಹೊಸದು ಮಾಡುತ್ತಿದ್ದರು. ಮಳೆ ಬೀಳುವ ಮುಂಚೆ ಪ್ರತಿ ವರ್ಷದ ಕೆಲಸ ಅದು. ಹಳೆಯ ಅಡಿಕೆ ಮರಗಳನ್ನು ಉರುಳಿಸಿ ದಡಕ್ಕೆ ಎಳೆದಿದ್ದರು, ಅವುಗಳ ಹೊಟ್ಟೆ ಕೊಳೆತು ಬೆಂಡಾಗಿತ್ತು. ನಾನು ನಡೆದದ್ದು ಇದರ ಮೇಲೆಯೇ ಎಂದು ಮುಟ್ಟಿ ನೋಡಿದೆ, ಬೆರಳು ಒಳಗೆ ಹೋಯಿತು. ಬಳ್ಳಿ ನೆನೆಹಾಕುತ್ತ ಕೂತಿದ್ದ ಅವರಿಗೆ ನನ್ನ ಸಂಶೋಧನೆಯನ್ನು ಒಪ್ಪಿಸಿದೆ. ಸಂಕ ಬೇರೆ, ಸಂಕಟ ಬೇರೆ. ಇದು ದಾಟುವುದರಿಂದ ಬಂದದ್ದು, ಅದು ಕಿರಿದಾದ ದಾರಿಯಿಂದ ಬಂದದ್ದು. ಕಿಟೆಲ್ ಹೀಗೆ, ಪಾಣಿನಿ ಹಾಗೆ.

ಅವರು ಎಲ್ಲವನ್ನೂ ಕೇಳಿಸಿಕೊಂಡು, ಎಲೆಯಡಿಕೆ ಉಗುಳಿ, “ಆ ಕಿಟೆಲ್ಲು ಮಳೆಗಾಲದಾಗೆ ಈ ಕಡೆ ಬಂದಿದ್ನಾ?” ಎಂದರು.

“ಇಲ್ಲ. ಅವನಿದ್ದದ್ದು ಮಂಗಳೂರು, ಮಡಿಕೇರಿ, ಧಾರವಾಡ.”

“ಹಂಗಾರೆ ಸೈ. ಬಳ್ಳಿ ಹಿಡ್ಕ.”

ಹಿಡಿದುಕೊಂಡೆ. ಅವರು ಮೂರು ಸುತ್ತು ಸುತ್ತಿ, ಕಾಲು ಕೊಟ್ಟು ಎಳೆದು ಗಂಟು ಹಾಕಿದರು. ನಡುವಿಗೆ ಹೋಗಿ ಎರಡು ಸಲ ಕುಪ್ಪಳಿಸಿದರು. ಮರಗಳು ಕಿರುಗುಟ್ಟಿ ಸುಮ್ಮನಾದವು. “ಬಾ” ಎಂದರು, ಈ ಸಲ ಕೈ ನೀಡಲಿಲ್ಲ. ನಾನು ಬಿದಿರು ಗಳ ಹಿಡಿದು ನಿಧಾನವಾಗಿ ಹೊರಟೆ. ನಟ್ಟನಡುವೆ ಬಂದಾಗ ಕೆಳಗೆ ನೋಡಿದೆ. ಹಳ್ಳಕ್ಕೆ ಇನ್ನೂ ನೀರು ಬಂದಿರಲಿಲ್ಲ, ಬರೀ ಕಲ್ಲುಗಳಿದ್ದವು.